ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದೀರಾ? ಮಕ್ಕಳು ಹೇಳಲು ಮರೆಯುವ ಸಂಗತಿಗಳು

ಮಗಳ ಬಾಣಂತನಕ್ಕೆ ಅಂತ ನಾನೂ ನಮ್ಮ ಯಜಮಾನರೂ ಮೈಸೂರಿನಿಂದ ನ್ಯೂಜೆರ್ಸಿಗೆ ಹೊರಟಾಗ ಅವಳು ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ನೀವಿಬ್ಬರೂ ಸುಮ್ನೆ ಹೊರಟು ಬನ್ನಿ, ಉಳಿದದ್ದು ನಾನು ನೋಡ್ಕೋತೀನಿ." ನೋಡಿಕೊಂಡಳು, ಸುಳ್ಳಲ್ಲ. ವೀಸಾ ಫಾರಂ, ಟಿಕೆಟ್, ಇನ್ಶೂರೆನ್ಸ್ ಎಲ್ಲ ಅವಳೇ ಮಾಡಿದಳು. ಆದರೆ ಹೋದ ಮೂರನೇ ದಿನ ನಾನು ಸಾರಿಗೆ ಒಗ್ಗರಣೆ ಹಾಕಿದೆ ನೋಡಿ, ಮನೆಯ ಚಾವಣಿಯೇ ಕಿರುಚಿಕೊಂಡಿತು. ಆ ವಿಷಯ ಮಾತ್ರ ಅವಳು ಹೇಳಿರಲಿಲ್ಲ.

ಬೇಕಂತ ಮುಚ್ಚಿಟ್ಟದ್ದಲ್ಲ. ಅಲ್ಲೇ ವರ್ಷಗಟ್ಟಲೆ ಇರುವ ಮಕ್ಕಳಿಗೆ ಇದೆಲ್ಲ ಅಭ್ಯಾಸವಾಗಿಹೋಗಿದೆ. ಹೇಳಬೇಕಾದ ವಿಷಯ ಅಂತ ಅವರಿಗೆ ಹೊಳೆಯುವುದೇ ಇಲ್ಲ. ಹಾಗಾಗಿ ದೊಡ್ಡ ಕೆಲಸಗಳನ್ನು ಅವರಿಗೇ ಬಿಟ್ಟು, ಅವರ ಬಾಯಿಂದ ಬಾರದ ಸಣ್ಣಪುಟ್ಟದ್ದನ್ನು ನಾನು ಹೊರಡುವ ಒಂದು ತಿಂಗಳು ಮೊದಲಿನಿಂದ ಶುರು ಮಾಡಿ ಹೇಳುತ್ತೇನೆ.

ಒಂದು ತಿಂಗಳು ಮೊದಲು: ಮಾತ್ರೆ ಮತ್ತು ಒಟಿಪಿ

ಬಿಪಿ, ಶುಗರ್ ಮಾತ್ರೆಗಳನ್ನು ಇರುವಷ್ಟು ದಿನಕ್ಕೂ ಲೆಕ್ಕ ಹಾಕಿ, ಮೇಲೆ ಹದಿನೈದು ದಿನದ್ದು ಸೇರಿಸಿ ತೆಗೆದುಕೊಳ್ಳಿ. ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಹಾಕಬೇಡಿ, ಸ್ಟ್ರಿಪ್ಪಿನಲ್ಲೇ ಇರಲಿ. ಡಾಕ್ಟರ ಹತ್ತಿರ ಇಂಗ್ಲಿಷಿನಲ್ಲಿ ಚೀಟಿ ಬರೆಸಿಕೊಳ್ಳಿ. ಅದರಲ್ಲಿ ಕಂಪನಿಯ ಹೆಸರಿನ ಜೊತೆ ಮದ್ದಿನ ಮೂಲ ಹೆಸರೂ ಇರಬೇಕು. ಯಾಕೆ ಅಂದರೆ ನಮ್ಮ ಬ್ರ್ಯಾಂಡುಗಳು ಅಲ್ಲಿ ಯಾರಿಗೂ ಗೊತ್ತಿಲ್ಲ. ನಾವು ಪ್ಯಾರಾಸಿಟಮಾಲ್ ಅನ್ನುವುದಕ್ಕೆ ಅಲ್ಲಿ ಅಸೆಟಮಿನೋಫೆನ್ ಅನ್ನುತ್ತಾರೆ, ಅಂಗಡಿಯಲ್ಲಿ ಟೈಲೆನಾಲ್ ಅಂತ ಸಿಗುತ್ತದೆ. ಇದು ಗೊತ್ತಿಲ್ಲದೆ ಬೆಳಿಗ್ಗೆ ಡೋಲೋ, ಮಧ್ಯಾಹ್ನ ಟೈಲೆನಾಲ್ ನುಂಗಿದರೆ ಒಂದೇ ಮದ್ದನ್ನು ಎರಡು ಹೆಸರಿನಲ್ಲಿ ನುಂಗಿದ ಹಾಗೆ. ಮಾತ್ರೆಗಳೆಲ್ಲ ಕೈಚೀಲದಲ್ಲೇ ಇರಲಿ. ದೊಡ್ಡ ಪೆಟ್ಟಿಗೆ ಎರಡು ದಿನ ತಡವಾಗಿ ಬಂದರೂ ಬಿಪಿ ಕಾಯುವುದಿಲ್ಲ.

ಇನ್ಶೂರೆನ್ಸ್ ಮಕ್ಕಳು ಮಾಡಿಸುತ್ತಾರೆ. ನೀವು ಒಂದು ಪ್ರಶ್ನೆ ಮಾತ್ರ ಕೇಳಿ: ಮೊದಲಿನಿಂದ ಇರುವ ಕಾಯಿಲೆಗೆ ಇದರಲ್ಲಿ ದುಡ್ಡು ಬರುತ್ತಾ? ಎಷ್ಟೋ ಪಾಲಿಸಿಗಳಲ್ಲಿ ಬರುವುದಿಲ್ಲ. ಅಲ್ಲಿನ ಆಸ್ಪತ್ರೆಯ ಬಿಲ್ ನೋಡಿದ ಮೇಲೆ ಕೇಳಿದರೆ ಪ್ರಯೋಜನ ಇಲ್ಲ.

ಇನ್ನು ಸಿಮ್. ಅಲ್ಲಿ ಹೋದ ಮೇಲೆ ಬೇರೆ ಸಿಮ್ ಹಾಕಿಕೊಂಡು ನಮ್ಮ ಊರಿನ ಸಿಮ್ಮನ್ನು ಪರ್ಸಿನ ಮೂಲೆಗೆ ಸೇರಿಸುವವರೇ ಜಾಸ್ತಿ. ಪಿಂಚಣಿ ಬಂತಾ ಅಂತ ನೋಡಲು ಹೋದರೆ ಬ್ಯಾಂಕಿನವರು ಒಟಿಪಿ ಕಳಿಸುವುದು ಅದೇ ನಂಬರಿಗೆ! ಹೊರಡುವ ಮೊದಲೇ ಅಂತರರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಇರುವಷ್ಟು ತಿಂಗಳಿಗೂ ಆಗುವ ಹಾಗೆ ರೀಚಾರ್ಜ್ ಮಾಡಿಸಿ. ಎರಡು ಸಿಮ್ ಹಿಡಿಯುವ ಫೋನಾದರೆ ಇನ್ನೂ ಒಳ್ಳೆಯದು. ಊರಿನ ಸಿಮ್ಮಿನ ಡೇಟಾ ಮಾತ್ರ ಆಫ್ ಮಾಡಿಡಿ.

ಸೂಟ್‌ಕೇಸ್ ಎಂಬ ಕುರುಕ್ಷೇತ್ರ

ಅಮೆರಿಕದ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ ತಲಾ 23 ಕಿಲೋದ ಎರಡು ಪೆಟ್ಟಿಗೆ ಬಿಡುತ್ತಾರೆ. ಟಿಕೆಟ್ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ. ನಾವು ಮನೆಯಲ್ಲಿ ತೂಕ ನೋಡಿದ್ದು ಹೀಗೆ: ಯಜಮಾನರು ಮೊದಲು ತೂಕದ ಯಂತ್ರದ ಮೇಲೆ ಬರಿಗೈಲಿ ನಿಂತರು, ಆಮೇಲೆ ಸೂಟ್‌ಕೇಸ್ ತಬ್ಬಿಕೊಂಡು ನಿಂತರು, ನಾನು ಕೆಳಗೆ ಕೂತು ಮುಳ್ಳು ನೋಡಿ ಕಳೆಯುವ ಲೆಕ್ಕ ಮಾಡಿದೆ. ನಾಲ್ಕು ಪೆಟ್ಟಿಗೆಗೆ ಹನ್ನೊಂದು ಸಲ ನಿಂತರು. ಎರಡನೇ ಸಲ ಹೋಗುವಾಗ ಕೈಯಲ್ಲಿ ಎತ್ತಿ ತೂಗುವ ಸಣ್ಣ ತಕ್ಕಡಿ ತಂದುಕೊಂಡೆವು. ನೀವು ಮೊದಲೇ ತಂದುಕೊಳ್ಳಿ, ಸೊಂಟ ಉಳಿಯುತ್ತದೆ. ಒಂದೊಂದು ಪೆಟ್ಟಿಗೆ 22 ಕಿಲೋಗೇ ನಿಲ್ಲಿಸಿ. ಮನೆಯ ತಕ್ಕಡಿಗೂ ಕೌಂಟರಿನ ತಕ್ಕಡಿಗೂ ಯಾವತ್ತೂ ಹೊಂದುವುದಿಲ್ಲ.

ಒಳಗೆ ಏನು ತುಂಬಬೇಕು? ಅದಕ್ಕಿಂತ ಏನು ತುಂಬಬಾರದು ಅನ್ನುವುದನ್ನು ಮೊದಲು ಕೇಳಿ.

ಕರಿಬೇವು ಬೇಡ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಒಂದು ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಅದಕ್ಕೇ ಅಮೆರಿಕದವರು ಒಂದು ಎಸಳನ್ನೂ ಒಳಗೆ ಬಿಡುವುದಿಲ್ಲ. ಅಕ್ಕಿ ಬೇಡ, ಅದಕ್ಕೂ ಹುಳದ ಭಯವೇ ಕಾರಣ. ಹಣ್ಣು, ತರಕಾರಿ, ಬಿತ್ತನೆ ಬೀಜ ಬೇಡ. ತೋಟದ ಬಾದಾಮಿ ಮಾವು ಅಂತ ಕಣ್ಣೀರು ಹಾಕಿದರೂ ಬಿಡುವುದಿಲ್ಲ. ಹಾಲು, ಖೋವಾದ ಸಿಹಿತಿಂಡಿಗೂ ತಕರಾರು ಬರಬಹುದು. ಕೊಬ್ಬರಿ ಗಿಟುಕನ್ನು ವಿಮಾನದವರೇ ತೆಗೆಸುತ್ತಾರೆ. ಎಣ್ಣೆ ಅಂಶ ಇರುವುದರಿಂದ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳಬಹುದಾದ ಸಾಮಾನಿನ ಪಟ್ಟಿಯಲ್ಲಿ ಅದೂ ಇದೆ. ನಾವು ಇಷ್ಟು ದಿನ ಅದನ್ನು ಬೇಸಿಗೆಯಲ್ಲಿ ಅಟ್ಟದ ಮೇಲೆ ಇಡುತ್ತಿದ್ದೆವಲ್ಲ ಅಂತ ನನಗೆ ಗಾಬರಿಯಾಯಿತು.

ದುಬೈ, ದೋಹಾ ಕಡೆಯಿಂದ ವಿಮಾನ ಬದಲಿಸುವವರು ಗಸಗಸೆಯನ್ನು ಮುಟ್ಟಲೇಬೇಡಿ. ನಮಗೆ ಅದು ಪಾಯಸ, ಅವರಿಗೆ ಅಫೀಮು. ಆ ದೇಶಗಳಲ್ಲಿ ಗಸಗಸೆ ಇಟ್ಟುಕೊಂಡರೆ ಜೈಲಿನವರೆಗೂ ಹೋಗಬಹುದು. ಮಸಾಲೆ ಪುಡಿಯಲ್ಲಿ ಸೇರಿಸಿದ್ದೀರಾ ಅಂತಲೂ ಒಮ್ಮೆ ಜ್ಞಾಪಿಸಿಕೊಳ್ಳಿ.

ಬೇಳೆ, ರವೆ, ಇಂಗು, ಅರಿಶಿನ ಹೊತ್ತುಕೊಂಡು ಹೋಗುವುದು ದಂಡ. ನ್ಯೂಜೆರ್ಸಿಯ ಎಡಿಸನ್ ಕಡೆ ಓಕ್ ಟ್ರೀ ರಸ್ತೆಗೆ ಹೋದರೆ ಸಾಲಾಗಿ ನಮ್ಮವರದೇ ಅಂಗಡಿ. ಕರಿಬೇವೂ ಅಲ್ಲೇ ಸಿಗುತ್ತದೆ. ಅಂಗಡಿಯಲ್ಲಿ ಸಿಗದೇ ಇರುವುದು ನಿಮ್ಮ ಕೈ ರುಚಿ. ಅದನ್ನು ಮಾತ್ರ ಒಯ್ಯಿರಿ: ಮನೆಯಲ್ಲಿ ಹುರಿದು ಮಾಡಿದ ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಮೆಂತ್ಯದ ಹಿಟ್ಟು, ಸಂಡಿಗೆ, ಉಪ್ಪಿನಕಾಯಿ.

ಉಪ್ಪಿನಕಾಯಿ ಕಟ್ಟುವುದು ಒಂದು ಕಲೆ. ಸ್ಟೀಲ್ ಡಬ್ಬಿ ನಂಬಬೇಡಿ, ಮುಚ್ಚಳ ಎಷ್ಟೇ ಬಿಗಿ ಇದ್ದರೂ ಎಣ್ಣೆ ದಾರಿ ಹುಡುಕಿಕೊಳ್ಳುತ್ತದೆ. ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮೇಲೆ ಎರಡು ಬೆರಳು ಜಾಗ ಬಿಡಿ. ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಸುತ್ತ ಟೇಪ್ ಹಾಕಿ. ಅದನ್ನು ಜಿಪ್ ಇರುವ ಕವರಿಗೆ, ಆ ಕವರನ್ನು ಇನ್ನೊಂದು ಕವರಿಗೆ ಹಾಕಿ, ಹಳೇ ಟವೆಲ್ ಸುತ್ತಿ ಪೆಟ್ಟಿಗೆಯ ನಡುವೆ ನಿಲ್ಲಿಸಿ. ರೇಷ್ಮೆ ಸೀರೆ ಬೇರೆ ಪೆಟ್ಟಿಗೆಯಲ್ಲಿರಲಿ. ಹೀಗೆ ಹೇಳುತ್ತಿರುವುದಕ್ಕೆ ಕಾರಣ ನನ್ನ ಒಂದು ತಿಳಿಗುಲಾಬಿ ಸೀರೆ, ಅದರ ಕಥೆ ಈಗ ಬೇಡ.

ಪುಡಿಗಳೂ ದೊಡ್ಡ ಪೆಟ್ಟಿಗೆಯಲ್ಲೇ ಹೋಗಲಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಮಿಲಿಗಿಂತ ಜಾಸ್ತಿ ಪುಡಿ ಕೈಚೀಲದಲ್ಲಿದ್ದರೆ ತಪಾಸಣೆಯವರು ಬಿಚ್ಚಿಸುತ್ತಾರೆ, ಕೆಲವೊಮ್ಮೆ ಎಸೆಯುತ್ತಾರೆ. ಎಲ್ಲ ಪೊಟ್ಟಣದ ಮೇಲೂ ಇಂಗ್ಲಿಷಿನಲ್ಲಿ ಹೆಸರು ಬರೆದು ಅಂಟಿಸಿ. ಹೆಸರಿಲ್ಲದ ಪುಡಿ ನಿಮಗೆ ಮೆಂತ್ಯದ ಹಿಟ್ಟು ಇರಬಹುದು, ಅಲ್ಲಿನ ಅಧಿಕಾರಿಗೆ ಏನು ಗೊತ್ತು?

ಪವರ್ ಬ್ಯಾಂಕ್ ಮಾತ್ರ ಇದಕ್ಕೆ ಉಲ್ಟಾ, ಅದು ಕೈಚೀಲದಲ್ಲೇ ಇರಬೇಕು.

ಕೊನೆಗೆ ಒಂದು ಪ್ಲಾಸ್ಟಿಕ್ ಚೊಂಬು ಇಟ್ಟುಕೊಳ್ಳಿ. ನಗಬೇಡಿ. ಅಲ್ಲಿನ ಪಾಯಿಖಾನೆಯಲ್ಲಿ ಕಾಗದ ಇರುತ್ತದೆ, ನೀರಿನ ನಲ್ಲಿ ಇರುವುದಿಲ್ಲ. ಮಗಳ ಮನೆಯಲ್ಲಿ ಪೈಪ್ ಹಾಕಿಸಿರಬಹುದು, ಪ್ರವಾಸ ಹೋದ ಹೋಟೆಲಿನಲ್ಲಿ ಯಾರು ಹಾಕಿಸುತ್ತಾರೆ? ಚೊಂಬಿನೊಳಗೆ ಕಾಲುಚೀಲ ತುರುಕಿದರೆ ಜಾಗವೂ ಉಳಿಯುತ್ತದೆ.

ಬೆಂಗಳೂರಿನಿಂದ ಹೊರಟು

ಬೆಂಗಳೂರಿನಲ್ಲಿ 2023ರ ಸೆಪ್ಟೆಂಬರಿನಿಂದ ವಿದೇಶದ ವಿಮಾನಗಳೆಲ್ಲ ಎರಡನೇ ಟರ್ಮಿನಲ್ಲಿನಿಂದ ಹೊರಡುತ್ತವೆ. ಟ್ಯಾಕ್ಸಿಯವರಿಗೆ ಅದನ್ನೇ ಹೇಳಿ. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ, ಪೆಟ್ಟಿಗೆ ಹೊಟ್ಟೆಯೊಳಗೆ ಹಾಕಿಕೊಂಡು ನೇರ ನಿಲ್ದಾಣದ ಬಾಗಿಲಿಗೇ ಬಿಡುತ್ತದೆ. ಮೂರೂವರೆ ಗಂಟೆ ಮೊದಲು ಅಲ್ಲಿರಿ.

ಟಿಕೆಟ್ ಮಾಡಿಸುವಾಗಲೇ ಊಟ ಹೇಳಿಡಬೇಕು. ಇಲ್ಲಿ ಒಂದು ಹಳ್ಳ ಇದೆ. ಪಟ್ಟಿಯಲ್ಲಿ 'ಹಿಂದೂ ಮೀಲ್' ಅಂತ ಇರುತ್ತದೆ. ಅದನ್ನು ನೋಡಿದ ಕೂಡಲೇ ನಮ್ಮದೇ ಅಂತ ಆರಿಸಿಬಿಡುತ್ತೇವೆ. ಅದು ಮಾಂಸದೂಟ! ದನದ ಮಾಂಸ ಇರುವುದಿಲ್ಲ, ಕೋಳಿಯೋ ಕುರಿಯೋ ಇರುತ್ತದೆ. ನಮ್ಮ ಸಸ್ಯಾಹಾರಕ್ಕೆ 'ಏಷ್ಯನ್ ವೆಜಿಟೇರಿಯನ್' ಅಥವಾ 'ಹಿಂದೂ ವೆಜಿಟೇರಿಯನ್' ಅಂತ ಇರುತ್ತದೆ, ಎವಿಎಂಎಲ್ ಅನ್ನುವ ನಾಲ್ಕು ಅಕ್ಷರ ನೆನಪಿಡಿ. ಈರುಳ್ಳಿ ಬೆಳ್ಳುಳ್ಳಿಯೂ ಬೇಡ ಅನ್ನುವವರಿಗೆ ಜೈನ ಊಟ ಇದೆ. ಏನೇ ಆದರೂ ಕೈಚೀಲದಲ್ಲಿ ನಾಲ್ಕು ಚಪಾತಿ, ಒಣ ಚಟ್ನಿ ಪುಡಿ ಇರಲಿ. ಉಳಿದದ್ದನ್ನು ಇಳಿಯುವ ಮೊದಲು ಮುಗಿಸಿ.

ವೀಲ್‌ಚೇರ್ ಬಗ್ಗೆ ನನ್ನದೊಂದು ಅಭಿಪ್ರಾಯ. ಮಂಡಿ ನೋವಿದ್ದರೆ ನಾಚಿಕೆ ಬಿಟ್ಟು ಟಿಕೆಟ್ ಜೊತೆಯಲ್ಲೇ ಹೇಳಿಡಿ, ದುಡ್ಡು ಕೊಡಬೇಕಿಲ್ಲ. ನಡುವೆ ವಿಮಾನ ಬದಲಿಸುವ ನಿಲ್ದಾಣಗಳು ಒಂದೊಂದು ತಾಲೂಕಿನಷ್ಟಿರುತ್ತವೆ. ನಮ್ಮ ಯಜಮಾನರು "ನನಗೇನಾಗಿದೆ?" ಅಂತ ಗತ್ತಿನಿಂದ ನಡೆದು, ಗೇಟ್ ತಲುಪುವ ಹೊತ್ತಿಗೆ ಮಾತು ನಿಂತಿತ್ತು. ಆದರೆ ಕ್ಯೂ ತಪ್ಪಿಸಲು ಮಾತ್ರ ಕುರ್ಚಿ ಹತ್ತುವವರೂ ಇದ್ದಾರೆ. ಅವರಿಂದಾಗಿ ನಿಜಕ್ಕೂ ಬೇಕಾದವರು ಕಾಯುತ್ತಾ ಕೂರುತ್ತಾರೆ.

ವಿಮಾನದೊಳಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಗಂಟೆಗೊಮ್ಮೆ ಎದ್ದು ಓಡಾಡಿ, ನೀರು ಕುಡಿಯಿರಿ. ಬಾತ್‌ರೂಮಿಗೆ ಏಳಬೇಕಲ್ಲ ಅಂತ ನೀರು ಬಿಡಬೇಡಿ, ಕಾಲು ಊದಿಕೊಳ್ಳುತ್ತದೆ.

ಇಮಿಗ್ರೇಷನ್ ಕೌಂಟರಿನಲ್ಲಿ

ಇಲ್ಲೇ ಎಲ್ಲರಿಗೂ ಎದೆ ಡವಡವ. ಕೇಳುವುದು ಮೂರ್ನಾಲ್ಕು ಪ್ರಶ್ನೆ ಅಷ್ಟೆ. ಯಾಕೆ ಬಂದಿರಿ, ಎಲ್ಲಿ ಇರುತ್ತೀರಿ, ಎಷ್ಟು ದಿನ, ತಿನ್ನುವ ಸಾಮಾನು ಏನಾದರೂ ಇದೆಯಾ. ಬೆರಳಿನ ಗುರುತು, ಫೋಟೊ ತೆಗೆದುಕೊಳ್ಳುತ್ತಾರೆ. ಮಗಳ ವಿಳಾಸ, ಫೋನ್ ನಂಬರ್, ವಾಪಸ್ ಟಿಕೆಟ್ ಇವನ್ನು ಕಾಗದದ ಮೇಲೆ ಇಟ್ಟುಕೊಳ್ಳಿ. ಫೋನಿನಲ್ಲಿದೆ ಅಂದುಕೊಂಡರೆ ಚಾರ್ಜ್ ಮುಗಿಯುವುದು ಆಗಲೇ. ಇಂಗ್ಲಿಷ್ ಬರದಿದ್ದರೆ ತಲೆ ಅಲ್ಲಾಡಿಸಿ ಎಲ್ಲದಕ್ಕೂ 'ಯೆಸ್' ಅನ್ನಬೇಡಿ. ಕನ್ನಡ ದುಭಾಷಿ ಬೇಕು ಅಂತ ಕೇಳಿ, ಅದರಲ್ಲಿ ತಪ್ಪೇನಿಲ್ಲ.

ಬಾಣಂತನಕ್ಕೆ ಬಂದವರು ಒಂದು ಮಾತಿನ ಬಗ್ಗೆ ಎಚ್ಚರವಾಗಿರಬೇಕು. "ಮಗು ನೋಡಿಕೊಳ್ಳಲು ಬಂದಿದ್ದೇನೆ" ಅನ್ನುವುದು ನಮಗೆ ಅಜ್ಜಿತನ. ಅವರ ಕಿವಿಗೆ ಅದು ಆಯಾ ಕೆಲಸದ ಹಾಗೆ ಕೇಳಿಸಬಹುದು, ಸಂದರ್ಶಕ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಸುಳ್ಳು ಹೇಳಬೇಕಾಗಿಲ್ಲ. ಮಗಳನ್ನು, ಮೊಮ್ಮಗುವನ್ನು ನೋಡಲು ಬಂದಿದ್ದೀರಿ, ಇಂಥ ತಾರೀಖಿಗೆ ವಾಪಸ್ ಹೋಗುತ್ತೀರಿ. ಅದೇ ನಿಜ, ಅದನ್ನೇ ಹೇಳಿ.

ತಿನ್ನುವ ಸಾಮಾನಿನ ಪ್ರಶ್ನೆಗೆ ಮಾತ್ರ ಧೈರ್ಯವಾಗಿ ಇದೆ ಅನ್ನಿ. ಹೇಳಿದ ಮೇಲೆ ಬೇಡದ್ದು ಸಿಕ್ಕರೆ ಅದನ್ನು ತೆಗೆದುಕೊಂಡು ನಿಮ್ಮನ್ನು ಕಳಿಸುತ್ತಾರೆ. ಇಲ್ಲ ಅಂತ ಹೇಳಿ ಸಿಕ್ಕಿದರೆ ನೂರಾರು ಡಾಲರ್ ದಂಡ. ನಮ್ಮ ಪೆಟ್ಟಿಗೆಯಲ್ಲಿ ಅಂಟಿನುಂಡೆ ಇತ್ತು. ಅದೇನು ಅಂತ ಅಧಿಕಾರಿ ಕೇಳಿದರು. ಯಜಮಾನರು ಪದಕ್ಕೆ ಪದ ಇಟ್ಟು "ಗಮ್ ಬಾಲ್" ಅಂದರು. ಆತ ಉಂಡೆಯನ್ನೂ ಇವರ ಮುಖವನ್ನೂ ನೋಡಿದ. "ಚೂಯಿಂಗ್ ಗಮ್?" "ನೋ ನೋ, ಫಾರ್ ಡಾಟರ್. ಆಫ್ಟರ್ ಬೇಬಿ. ಬ್ಯಾಕ್ ಪೇನ್." ಸೊಂಟ ಹಿಡಿದು ತೋರಿಸಿದರು. ಆತ ನಕ್ಕು ಪೆಟ್ಟಿಗೆ ಮುಚ್ಚಿಕೊಳ್ಳಿ ಅಂದ. ನೀವು 'ಡ್ರೈ ಫ್ರೂಟ್ ಸ್ವೀಟ್' ಅಂತ ಬರೆದು ಅಂಟಿಸಿ.

ಅಮೆರಿಕದೊಳಗೆ ಇನ್ನೊಂದು ವಿಮಾನ ಹಿಡಿಯಬೇಕಾದವರು ಗಮನಿಸಿ. ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲೇ ಪೆಟ್ಟಿಗೆ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಕೊಡಬೇಕು. ಕೊನೆಯ ಊರಿಗೇ ಬರುತ್ತದೆ ಅಂತ ಸೀದಾ ನಡೆದುಬಿಡಬೇಡಿ.

ಇನ್ನೊಂದು ಮುಖ್ಯ ವಿಷಯ. ವೀಸಾ ಹತ್ತು ವರ್ಷದ್ದಿರಬಹುದು, ಈ ಸಲ ಎಷ್ಟು ದಿನ ಇರಬಹುದು ಅನ್ನುವುದನ್ನು ನಿರ್ಧರಿಸುವುದು ಈ ಕೌಂಟರಿನಲ್ಲೇ, ಸಾಮಾನ್ಯವಾಗಿ ಆರು ತಿಂಗಳು. ಐ-94 ಅನ್ನುವ ದಾಖಲೆಯಲ್ಲಿ ಆ ತಾರೀಖು ಇರುತ್ತದೆ. ಮನೆಗೆ ಹೋದ ದಿನವೇ ಮಗಳಿಂದ ಕಂಪ್ಯೂಟರಿನಲ್ಲಿ ತೆಗೆಸಿ ಕ್ಯಾಲೆಂಡರಿನಲ್ಲಿ ಬರೆದಿಡಿ.

ಚಾವಣಿ ಕಿರುಚಿದ ಕಥೆ

ಮೊದಲ ಮೂರು ದಿನ ನಿದ್ದೆಯ ಲೆಕ್ಕ ತಪ್ಪುತ್ತದೆ. ನ್ಯೂಜೆರ್ಸಿಗೂ ನಮಗೂ ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ವ್ಯತ್ಯಾಸ. ಸಂಜೆ ಏಳಕ್ಕೇ ಕಣ್ಣು ಎಳೆಯುತ್ತದೆ, ರಾತ್ರಿ ಎರಡಕ್ಕೆ ಎಚ್ಚರವಾಗಿ ಹಸಿವಾಗುತ್ತದೆ. ಹಗಲು ಮಲಗದೆ ಬಿಸಿಲಿನಲ್ಲಿ ಓಡಾಡಿ, ಸರಿಹೋಗುತ್ತದೆ.

ನಾನು ಹಾಗೇ ಎಚ್ಚರವಾಗಿದ್ದ ಒಂದು ಬೆಳಗಿನ ಜಾವ ಅಡುಗೆಮನೆಗೆ ಹೋದೆ. ಸಾರು ಕುದಿಯಿತು. ಎಣ್ಣೆ ಕಾಯಿಸಿ ಸಾಸಿವೆ, ಇಂಗು, ಎರಡು ಬ್ಯಾಡಗಿ ಮೆಣಸಿನಕಾಯಿ ಹಾಕಿದೆ. ಚಟಪಟ ಅಂತು, ಘಾಟು ಎದ್ದಿತು, ಅಷ್ಟೇ. ಮೇಲಿನಿಂದ ಪೀಂ ಪೀಂ ಪೀಂ! ಯಜಮಾನರು ಪಂಚೆ ಎತ್ತಿಕಟ್ಟಿ ಕುರ್ಚಿ ಹತ್ತಿ ಟವೆಲ್ ಬೀಸುತ್ತಿದ್ದಾರೆ, ಅಳಿಯ ಓಡಿ ಬಂದು ಕಿಟಕಿ ತೆಗೆಯುತ್ತಿದ್ದಾನೆ, ಮಗಳು ಕೂಸನ್ನು ಎದೆಗವಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದಾಳೆ. ಕೂಸು ಮಾತ್ರ ನಿದ್ದೆ ಮಾಡುತ್ತಿತ್ತು.

ಅಲ್ಲಿನ ಮನೆಗಳು ಮರದ ಮನೆಗಳು. ಅದಕ್ಕೇ ಕೋಣೆಗೊಂದು ಹೊಗೆ ಅಲಾರಂ. ಒಗ್ಗರಣೆಗೆ ಮೊದಲು ಒಲೆಯ ಮೇಲಿರುವ ಫ್ಯಾನ್ ಹಾಕಿ, ಕಿಟಕಿ ತೆಗೆಯಿರಿ, ಉರಿ ಸಣ್ಣಗಿರಲಿ. ಅಲಾರಂ ಬ್ಯಾಟರಿ ಕಿತ್ತಿಡುವ ಬುದ್ಧಿವಂತಿಕೆ ಬೇಡವೇ ಬೇಡ. ಕೂಸಿಗೆ ಎಣ್ಣೆ ನೀರು ಹಾಕಿ ಸಾಂಬ್ರಾಣಿ ಹೊಗೆ ಕೊಡಬೇಕು ಅಂತ ಕೆಂಡದ ಯೋಚನೆ ಇದ್ದರೆ ಬಿಟ್ಟುಬಿಡಿ. ನಾನೂ ಬಿಟ್ಟೆ. ಅಪಾರ್ಟ್‌ಮೆಂಟಾದರೆ ಅಗ್ನಿಶಾಮಕದ ಗಾಡಿಯೇ ಬಂದು ನಿಲ್ಲಬಹುದು.

ಎಷ್ಟೋ ಮನೆಗಳಲ್ಲಿ ಗಾಜಿನ ಕರೆಂಟ್ ಒಲೆ. ಆರಿಸಿದ ಮೇಲೂ ತುಂಬ ಹೊತ್ತು ಸುಡುತ್ತದೆ, ಕೈ ಇಡಬೇಡಿ. ತಳ ಗುಂಡಗಿರುವ ಬಾಣಲೆ, ಒಗ್ಗರಣೆ ಸೌಟು ಅದರ ಮೇಲೆ ಕೂರುವುದಿಲ್ಲ, ಊರಿನಿಂದ ಹೊತ್ತು ತರಬೇಡಿ. ಮಿಕ್ಸಿಯನ್ನೂ ತರಬೇಡಿ. ನಮ್ಮದು 230 ವೋಲ್ಟ್, ಅಲ್ಲಿ 120. ಫೋನ್ ಚಾರ್ಜರಿಗೆ ತೊಂದರೆ ಇಲ್ಲ, ಅದರ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ 100–240 ಅಂತ ಇರುತ್ತದೆ. ಪಿನ್ನು ಬೇರೆ ಆಕಾರ, ಅದಕ್ಕೊಂದು ಅಡಾಪ್ಟರ್ ಸಾಕು.

ಪಾತ್ರೆ ತೊಳೆಯುವ ಯಂತ್ರಕ್ಕೆ ಕೈಯಲ್ಲಿ ತೊಳೆಯುವ ಸೋಪಿನ ನೀರು ಹಾಕಬೇಡಿ. ನೊರೆ ಉಕ್ಕಿ ಅಡುಗೆಮನೆಯ ತುಂಬ ಹರಿಯುತ್ತದೆ. ಸಿಂಕಿನ ತೂತಿನಲ್ಲಿ ಕಸ ಅರೆಯುವ ಯಂತ್ರ ಇರಬಹುದು, ಅದಕ್ಕೆ ನುಗ್ಗೆಕಾಯಿ ಸಿಪ್ಪೆ ಹಾಕಿದರೆ ನಾರು ಸುತ್ತಿಕೊಂಡು ನಿಂತುಹೋಗುತ್ತದೆ. ಸ್ನಾನದ ಮನೆಯ ನೆಲದಲ್ಲಿ ನೀರು ಹೋಗುವ ತೂತೇ ಇರುವುದಿಲ್ಲ. ತೊಟ್ಟಿಯೊಳಗೇ ನಿಂತು, ಪರದೆಯ ಅಂಚನ್ನು ತೊಟ್ಟಿಯ ಒಳಗಡೆ ಬಿಟ್ಟುಕೊಂಡು ಸ್ನಾನ ಮಾಡಿ. ಇಲ್ಲದಿದ್ದರೆ ಕೆಳಗಿನ ಕೋಣೆಯ ಚಾವಣಿ ಸೋರುತ್ತದೆ.

ಹೊಸ್ತಿಲು ದಾಟಿದರೆ

ಗಾಡಿಗಳೆಲ್ಲ ರಸ್ತೆಯ ಬಲಗಡೆ ಓಡುತ್ತವೆ. ನಾವು ಅಭ್ಯಾಸಬಲದಿಂದ ಮೊದಲು ಬಲಕ್ಕೆ ನೋಡುತ್ತೇವೆ, ಅಲ್ಲಿ ಕಾರು ಬರುವುದು ಎಡದಿಂದ. ಸಿಗ್ನಲ್ ಕಂಬದಲ್ಲಿ ಗುಂಡಿ ಇರುತ್ತದೆ, ಒತ್ತಿ ಕಾಯಿರಿ. ಕಾರಿನ ಹಿಂದಿನ ಸೀಟಿನಲ್ಲೂ ಬೆಲ್ಟ್ ಹಾಕಿಕೊಳ್ಳಿ. ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋಗುವ ಹಾಗಿಲ್ಲ, ಅದಕ್ಕೆ ಅಂತಲೇ ಬೇರೆ ಸೀಟು. ಅತ್ತರೂ ಎತ್ತಿಕೊಳ್ಳಬಾರದು. ನನಗೆ ಇಡೀ ಅಮೆರಿಕದಲ್ಲಿ ಅತಿ ಕಷ್ಟವಾದದ್ದು ಇದೊಂದೇ.

ಅಂಗಡಿಯಲ್ಲಿ ಬರೆದ ಬೆಲೆಗೆ ತೆರಿಗೆ ಸೇರಿರುವುದಿಲ್ಲ, ಬಿಲ್ಲಿನಲ್ಲಿ ಜಾಸ್ತಿ ಬಂದರೆ ಜಗಳಕ್ಕೆ ಹೋಗಬೇಡಿ. ನ್ಯೂಜೆರ್ಸಿಯಲ್ಲಿ ಬಟ್ಟೆಗೆ ತೆರಿಗೆ ಇಲ್ಲ, ಅದೊಂದು ಸಮಾಧಾನ. ಹೋಟೆಲಿನಲ್ಲಿ ಬಡಿಸಿದವರಿಗೆ ಬಿಲ್ಲಿನ ಮೇಲೆ ನೂರಕ್ಕೆ 15ರಿಂದ 20 ಟಿಪ್ಸ್ ಕೊಡುವುದು ರೂಢಿ. ಒಂದು ದೋಸೆಯ ಬೆಲೆಯನ್ನು ರೂಪಾಯಿಗೆ ಗುಣಿಸಿ ನೋಡುವ ಚಟ ಮೊದಲ ವಾರ ಎಲ್ಲರಿಗೂ ಇರುತ್ತದೆ. ಗುಣಿಸಿ, ಮಕ್ಕಳ ಎದುರಿಗೆ ಜೋರಾಗಿ ಹೇಳಬೇಡಿ.

ಊರಿಗೆ ಫೋನ್ ಮಾಡುವಾಗ ನಂಬರಿನ ಮುಂದೆ ಪ್ಲಸ್ ಗುರುತು ಹಾಕಿ 91 ಒತ್ತಿ. ಅಮೆರಿಕದಲ್ಲಿ ಪೊಲೀಸ್, ಆಂಬುಲೆನ್ಸ್ ಎಲ್ಲಕ್ಕೂ 911. ಒಂಬತ್ತು ಒಂದು ಒತ್ತಿ ಕೈ ತಪ್ಪಿ ಇನ್ನೊಂದು ಒಂದು ಒತ್ತಿದರೆ ಮುಗಿಯಿತು. ಹಾಗಾದರೆ ಗಾಬರಿಯಿಂದ ಫೋನ್ ಇಡಬೇಡಿ, ತಪ್ಪಿ ಹೋಯಿತು ಅಂತ ಹೇಳಿ. ಸುಮ್ಮನೆ ಇಟ್ಟರೆ ಪೊಲೀಸರು ಮನೆಗೇ ಬರಬಹುದು.

ಮಕ್ಕಳು ಕೆಲಸಕ್ಕೆ ಹೋದ ಮೇಲೆ ಬೀದಿಯಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. ಎರಡನೇ ತಿಂಗಳಿಗೆ ಬೇಜಾರು ಹತ್ತುತ್ತದೆ. ಹತ್ತಿರದ ಸರ್ಕಾರಿ ಲೈಬ್ರರಿಗೆ ಹೋಗಿ, ಪುಕ್ಕಟೆ, ಬೆಚ್ಚಗಿರುತ್ತದೆ. ಹೋದ ಕಡೆಯಲ್ಲೆಲ್ಲ ಒಂದು ಕನ್ನಡ ಕೂಟ ಹುಡುಕಿ. ನ್ಯೂಜೆರ್ಸಿಯಲ್ಲಿ 'ಬೃಂದಾವನ' ಇದೆ, ಕ್ಯಾಲಿಫೋರ್ನಿಯಾದ ಉತ್ತರ ಭಾಗದ ಕೂಟವಂತೂ 1973ರಿಂದ ನಡೆಯುತ್ತಿದೆ. ಯುಗಾದಿ ಕಾರ್ಯಕ್ರಮಕ್ಕೆ ಹೋದರೆ ನಿಮ್ಮ ವಯಸ್ಸಿನ ಹತ್ತು ಜನ ಸಿಗುತ್ತಾರೆ. ಎಲ್ಲರ ಮನೆಯಲ್ಲೂ ಅಲಾರಂ ಹೊಡೆದುಕೊಂಡಿರುತ್ತದೆ.

ವಾಪಸ್ ಹೊರಡುವಾಗ

ಐ-94 ತಾರೀಖಿಗೆ ಹತ್ತು ದಿನ ಮೊದಲೇ ಹೊರಡುವ ಹಾಗೆ ಟಿಕೆಟ್ ಇರಲಿ. ವಿಮಾನ ರದ್ದಾದರೂ ಗಾಬರಿ ಇರುವುದಿಲ್ಲ. ಒಂದು ದಿನ ಜಾಸ್ತಿ ಉಳಿದರೂ ಮುಂದಿನ ಸಲಕ್ಕೆ ತಲೆನೋವು, ವೀಸಾಕ್ಕೂ ಕುತ್ತು.

ಹೋಗುವಾಗ ಉಪ್ಪಿನಕಾಯಿ ಇದ್ದ ಜಾಗದಲ್ಲಿ ಬರುವಾಗ ಚಾಕೊಲೇಟ್, ಜಿಪ್ ಕವರು, ಬಾದಾಮಿ, ನೆಂಟರ ಪಟ್ಟಿಯ ವಿಟಮಿನ್ ಡಬ್ಬಿಗಳು. ಬಾದಾಮಿ ಭಾರ, ಚಾಕೊಲೇಟ್ ಇನ್ನೂ ಭಾರ. ಕೈ ತಕ್ಕಡಿಯನ್ನು ಪೆಟ್ಟಿಗೆಯೊಳಗೆ ಹಾಕಿ ಬೀಗ ಜಡಿದುಬಿಡಬೇಡಿ, ಕೊನೆಗೆ ಬೇಕಾಗುವುದು ಅದೇ. ಚೊಂಬನ್ನು ಮಗಳ ಮನೆಯಲ್ಲೇ ಬಿಟ್ಟು ಬನ್ನಿ. ಮುಂದಿನ ಸಲಕ್ಕೆ ಇರಲಿ.